ಶಾಸ್ತ್ರಕ್ಕೊಂದು ನೀರುದೋಸೆ

ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಕಡಬದ ಪೇಟೆಯಲ್ಲಿ ಸಣ್ಣ ಅಂಗಡಿ, ಪೆರಾಬೆಯಲ್ಲಿ ಮನೆ. ನೀರು ಏರದ ಪಂಪು ಎದುರಿಗೆ ಬಂದರೆ ಮೊದಲು ನಾನು ಅದರ ಯಜಮಾನನ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ. ಯಜಮಾನರು ಹೇಳುವುದೆಲ್ಲ ಒಂದೇ: ನಿನ್ನೆಯವರೆಗೆ ಸರಿ ಇತ್ತು, ನಾವು ಯಾರೂ ಮುಟ್ಟಲಿಲ್ಲ. ಯಾರೋ ಮುಟ್ಟಿಯೇ ಇರುತ್ತಾರೆ. ಮುಟ್ಟಿದವರಿಗೇ ಅದು ಮುಟ್ಟಿದ್ದೆಂದು ಅನಿಸಿರುವುದಿಲ್ಲ, ಅಷ್ಟೆ. ಇಷ್ಟು ವರ್ಷದ ಕಸುಬಿನಲ್ಲಿ ಕಲಿತ ಈ ಒಂದು ಪಾಠ ನನ್ನ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ನೆನಪಿಗೆ ಬರಲಿಲ್ಲ.

ಮಗಳಿಗೆ ಎಂಟು ತುಂಬಿದ ವರ್ಷ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದೊಡ್ಡವರಿಗೆ ಬರುವಂಥದ್ದಲ್ಲ, ದೊಡ್ಡವರು ಮಾತ್ರೆಯನ್ನೂ ನುಂಗಿ ಮದುವೆಮನೆಯಲ್ಲಿ ಹೋಳಿಗೆಯನ್ನೂ ನುಂಗುತ್ತಾರೆ. ಮಕ್ಕಳಿಗೆ ಬರುವುದರಲ್ಲಿ ಆ ಸಲಿಗೆ ಇಲ್ಲ. ತಿನ್ನುವ ಮೊದಲು ಪ್ರತಿ ಸಲ ಇನ್ಸುಲಿನ್ ಚುಚ್ಚಬೇಕು, ಎಷ್ಟು ತಿನ್ನುವುದೋ ಅಷ್ಟಕ್ಕೆ ತಕ್ಕಂತೆ. ಚುಚ್ಚಿದ್ದಕ್ಕಿಂತ ಹೆಚ್ಚು ತಿಂದರೆ ಶುಗರ್ ಏರುತ್ತದೆ, ಕಡಿಮೆ ತಿಂದರೆ ಇಳಿದು ಮಗು ಬೆವರಿ ಕುಸಿಯುತ್ತದೆ. ಅಂದರೆ ಹಸಿವಾಗುವ ಮೊದಲೇ ಹಸಿವೆಷ್ಟು ಎಂದು ಹೇಳಬೇಕು, ಹೇಳಿದ ಮಾತಿಗೆ ತಪ್ಪಬಾರದು.

ಮಂಗಳೂರಿನ ಆಸ್ಪತ್ರೆಯಲ್ಲಿ ಆಹಾರದ ವಿಷಯ ಹೇಳುವ ಹುಡುಗಿಯೊಬ್ಬಳು ಬಣ್ಣದ ಕಾಗದ ಕೊಟ್ಟಳು. ಅದರಲ್ಲಿ ಚಪಾತಿ ಇತ್ತು, ಬ್ರೆಡ್ ಇತ್ತು, ಓಟ್ಸ್ ಇತ್ತು. ನೀರುದೋಸೆ ಇರಲಿಲ್ಲ, ಕುಚ್ಚಲಕ್ಕಿ ಗಂಜಿ ಇರಲಿಲ್ಲ, ಹಲಸಿನ ಹಣ್ಣಿನ ಸೊಳೆಯ ಸುದ್ದಿಯೇ ಇಲ್ಲ.

"ನಮ್ಮಲ್ಲಿ ಓಟ್ಸ್ ತಿನ್ನುವವರು ಯಾರೂ ಇಲ್ಲ ಮೇಡಂ," ಎಂದೆ.

"ಹಾಗಾದ್ರೆ ನೀವು ತಿನ್ನುದನ್ನೇ ತೂಗಿ ಲೆಕ್ಕ ಹಾಕಿ," ಎಂದಳು.

ಬೈದದ್ದೋ ಉಪಾಯ ಹೇಳಿದ್ದೋ ಆಗ ಗೊತ್ತಾಗಲಿಲ್ಲ. ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ. ದಾರಿಯಲ್ಲಿ ಪುತ್ತೂರಿನಲ್ಲಿ ಇಳಿದು ಗ್ರಾಮಿನ ಲೆಕ್ಕದಲ್ಲಿ ತೂಗುವ ಒಂದು ಸಣ್ಣ ತಕ್ಕಡಿ ತೆಗೆದುಕೊಂಡೆವು.

ಮನೆಯಲ್ಲಿ ನಾವು ನಾಲ್ಕು ಜನ. ಹೆಂಡತಿಗೆ ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ನೋಡುವ ಕೆಲಸ, ವಾರದ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಓಡಬೇಕು. ನನ್ನ ಅಂಗಡಿ ತೆರೆಯುವುದು ನಿಧಾನ. ಹಾಗಾಗಿ ಬೆಳಗಿನ ಒಲೆ ನನ್ನದು ಮತ್ತು ನನ್ನ ಅಮ್ಮನದು. ಹಾಗೆಂದು ನಾನು ಹೇಳುವುದು; ಅಮ್ಮನನ್ನು ಕೇಳಿದರೆ ಒಲೆ ಅವರದು, ನಾನು ದಾರಿಗೆ ಅಡ್ಡ ನಿಲ್ಲುವವನು.

ಮಗಳಿಗೆ ಆ ವರ್ಷ ಬೇಕಾಗಿದ್ದದ್ದು ಒಂದೇ, ಆಲೆಟ್ಟಿ. ಆಲೆಟ್ಟಿ ನನ್ನ ಹೆಂಡತಿಯ ತವರು, ಸುಳ್ಯದ ಆಚೆ. ಅಲ್ಲಿ ಮಗಳ ಸೋದರಮಾವ, ಅತ್ತೆ, ಇವಳದೇ ಪ್ರಾಯದ ಎರಡು ಮಕ್ಕಳು. ಬೇಸಿಗೆ ರಜೆ ಸಿಕ್ಕಿದ ಕೂಡಲೇ ಅಲ್ಲಿಗೆ ಹೋಗಿ, ಶಾಲೆ ಶುರುವಾಗುವ ಹೊತ್ತಿಗೆ ಗುರುತು ಸಿಗದಷ್ಟು ಕಪ್ಪಾಗಿ ಬರುವುದು ಅವಳ ಪದ್ಧತಿ. ಕಾಯಿಲೆ ಬಂದ ಮೇಲೆ ನಾವು ಕಳಿಸಲಿಲ್ಲ. ಮಾವನ ಮನೆಯವರು ಫೋನಿನಲ್ಲಿ "ಕಳಿಸಿ, ನಾವು ನೋಡಿಕೊಳ್ತೇವೆ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಎನ್ನುತ್ತಿದ್ದರು. ಆ ಪ್ರೀತಿಯೇ ನನಗೆ ಹೆದರಿಕೆ. ನಮ್ಮ ಕಡೆ ಬೇಡ ಎಂದರೆ ಎರಡು ಹೆಚ್ಚು ಬಡಿಸುತ್ತಾರೆ.

"ನಿನ್ನ ತಿಂಡಿಯ ಲೆಕ್ಕ ನೀನೇ ಮಾಡ್ಲಿಕ್ಕೆ ಕಲಿ," ಎಂದೆ ಮಗಳಿಗೆ. "ಯಾರೂ ಹೇಳಿಕೊಡದೆ, ಒಂದೂ ತಪ್ಪದೆ. ಆಮೇಲೆ ಆಲೆಟ್ಟಿ."

"ಒಬ್ಬಳೇ?"

"ಒಬ್ಬಳೇ."

ಶಾಲೆಯಲ್ಲಿ ಭಾಗಾಕಾರದ ದಿನ ಹೊಟ್ಟೆನೋವು ಬರುತ್ತಿದ್ದ ಹುಡುಗಿ ಅವಳು. ಮರುದಿನ ಬೆಳಿಗ್ಗೆ ಕರೆಯದೆ ಬಂದು ಅಡುಗೆಕೋಣೆಯಲ್ಲಿ ಸ್ಟೂಲು ಹತ್ತಿ ನಿಂತಿದ್ದಳು.

ನೀರುದೋಸೆಯಿಂದ ಶುರು ಮಾಡಿದೆವು, ಏಕೆಂದರೆ ವಾರದಲ್ಲಿ ಹೆಚ್ಚು ದಿನ ನಮ್ಮಲ್ಲಿ ಅದೇ. ಅಮ್ಮನ ಹತ್ತಿರ ಹಿತ್ತಾಳೆಯ ಕುಡ್ತೆ ಉಂಟು. ಅಕ್ಕಿ ಅಳೆಯುವ ಹಳೆಯ ಪಾತ್ರೆ, ಅಂಚು ಸವೆದು ತೆಳ್ಳಗಾಗಿದೆ. ಕುಡ್ತೆಯಲ್ಲಿ ಅಳೆದ ಅಕ್ಕಿಯನ್ನು ಮಗಳು ತಕ್ಕಡಿಯಲ್ಲಿ ತೂಗುವುದು, ರಾತ್ರಿ ನೆನೆಹಾಕುವುದು, ಬೆಳಿಗ್ಗೆ ಅರೆದು ನೀರು ಸೇರಿಸಿ ಹೊಯ್ಯುವುದು, ಎಷ್ಟು ದೋಸೆ ಆಯಿತೋ ಅಷ್ಟರಿಂದ ಅಕ್ಕಿಯ ತೂಕವನ್ನು ಭಾಗಿಸುವುದು. ಒಂದು ದೋಸೆಗೆ ಎಷ್ಟು ಅಕ್ಕಿ ಎಂದು ಬರುತ್ತದೆ. ಲೆಕ್ಕ ಸುಲಭ, ದೋಸೆ ಕಷ್ಟ. ಅಮ್ಮ ಹೊಯ್ದದ್ದು ಒಂದು ಕೊಡೆಯಷ್ಟಗಲ, ಒಂದು ಅಂಗೈಯಷ್ಟಗಲ. ಭಾಗಾಕಾರದ ಅರ್ಥ ಎಲ್ಲವೂ ಒಂದೇ ಅಳತೆ ಎಂದು, ಹಾಗಾಗಿ ಭಾಗಾಕಾರ ಸರಿ ಬರಬೇಕಾದರೆ ಕೈ ಸರಿ ಬರಬೇಕು. ಇದನ್ನು ಶಾಲೆಯಲ್ಲಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿಯಿಂದ ಕಬ್ಬಿಣ ಉಜ್ಜುವ ಅರ ತಂದು ಸೌಟಿನ ಒಳಗೆ ಒಂದು ಗೆರೆ ಉಜ್ಜಿಕೊಟ್ಟೆ. ಗೆರೆಯವರೆಗೆ ಹಿಟ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ.

"ಸೌಟನ್ನು ಹಾಳು ಮಾಡಿದ," ಎಂದರು ಅಮ್ಮ.

ಮೊದಲ ವಾರದ ದೋಸೆಗಳು ಕಾವಲಿ ಬಿಟ್ಟು ಏಳಲಿಲ್ಲ. ಎರಡನೆಯ ವಾರ ಎದ್ದವು, ಹರಿದು. ಆಮೇಲೆ ಒಂದು ದಿನ ಅವಳು ಕಾವಲಿಯಿಂದ ತೆಗೆದು ಮಡಚಿ, "ಇದು ಅರ್ಧ," ಎಂದು, ಮತ್ತೆ ಮಡಚಿ "ಇದು ಕಾಲು" ಎಂದು, ಬಿಡಿಸಿ "ಈಗ ಪುನಃ ಒಂದು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ, ಮಾತಾಡಿಸಲಿಲ್ಲ. ಗಂಜಿಯಲ್ಲಿ ಅನ್ನವೆಷ್ಟು ತಿಳಿಯೆಷ್ಟು ಎಂದು ಸೋಸಿ ನೋಡಿದಳು. ಹಲಸಿನ ಸೊಳೆಯನ್ನು ಬೀಜ ತೆಗೆದು ತೂಗಬೇಕು ಎಂದು ಒಮ್ಮೆ ತಪ್ಪಿ ಕಲಿತಳು. ಶಾಲೆಯಲ್ಲಿ ಹೊಟ್ಟೆನೋವು ನಿಂತಿತು ಎಂದು ಅವಳ ಟೀಚರು ಹೇಳಿದರು. ನಾನು ಅದಕ್ಕೆ ಹಿಗ್ಗಲಿಲ್ಲ. ನನಗೆ ಬೇಕಾದದ್ದು ಮಧ್ಯಾಹ್ನದ ಶುಗರ್ ಸರಿ ಬರುವುದು, ಮತ್ತು ಅದು ಬರಲಿಲ್ಲ.

ಗಂಜಿ ಕುಡಿದ ದಿನ ಸರಿ ಬರುತ್ತಿತ್ತು. ಚಪಾತಿಯ ದಿನವೂ ಸರಿ. ಚಪಾತಿ ಅವಳು ತಿನ್ನುತ್ತಿದ್ದದ್ದೇ ಎರಡು. ನೀರುದೋಸೆಯ ದಿನ ಮಾತ್ರ ಊಟದ ಹೊತ್ತಿಗೆ ಮೇಲೆ. ಅವಳಿಗೆ ಮೂರು ದೋಸೆ ಬೇಕು, ಎರಡು ಸಾಲದು. ಮೂರಕ್ಕೆ ಲೆಕ್ಕ ಹಾಕಿ, ತಾನೇ ಚುಚ್ಚಿಕೊಂಡು, ಮೂರು ತಿಂದು ಶಾಲೆಗೆ ಹೋಗುತ್ತಿದ್ದಳು. ನಾನು ಶುಗರ್ ನೋಡುವ ಯಂತ್ರದ ಮೇಲೆ ಸಂಶಯಪಟ್ಟೆ. ಪುತ್ತೂರಿಗೆ ಒಯ್ದು ಇನ್ನೊಂದು ಯಂತ್ರದ ಜೊತೆ ಹೋಲಿಸಿದೆ, ಸರಿಯಾಗಿಯೇ ಇತ್ತು. ಇನ್ಸುಲಿನ್ ಫ್ರಿಜ್ಜಿನಲ್ಲಿ ಕರೆಂಟ್ ಇಲ್ಲದೆ ಹಾಳಾಯಿತೋ ಎಂದು ಹೊಸದು ತಂದೆ. ಅಕ್ಕಿಯ ಜಾತಿ ಬದಲಿಸಿದೆ. ಶಾಲೆಯಲ್ಲಿ ಯಾರಾದರೂ ಚಾಕಲೇಟು ಕೊಡುತ್ತಾರೋ ಎಂದು ಟೀಚರನ್ನು ಕೇಳಿ ಅವರ ಮುಖ ಕೆಂಪಾಗಿಸಿದೆ. ಕೊನೆಗೆ ಮಗಳನ್ನೇ ಕೇಳಿದೆ.

"ಸತ್ಯ ಹೇಳು. ಎಷ್ಟು ತಿಂದದ್ದು?"

"ಮೂರು."

"ಸತ್ಯ?"

"ಮೂರೇ ಅಪ್ಪಾ!" ಎಂದು ಅತ್ತಳು. ಸುಳ್ಳು ಹೇಳುವವರ ಅಳು ಅದಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಸಮಾಧಾನ ಮಾಡದೆ ಅಂಗಡಿಗೆ ಹೋದೆ. ಡಾಕ್ಟರು ನಾವು ಶುಗರ್ ಬರೆದಿಟ್ಟ ಪುಸ್ತಕ ನೋಡಿ, "ನಿಮ್ಮ ಮನೆಯಲ್ಲಿ ಎಲ್ಲಿಯೋ ಲೆಕ್ಕ ತಪ್ತಾ ಉಂಟು ಮಾರಾಯ್ರೆ," ಎಂದರು. ಎಲ್ಲರ ಮನೆಯ ದೋಸೆಯೂ ತೂತೇ ಎನ್ನುತ್ತಾರೆ. ನಮ್ಮ ಮನೆಯದರಲ್ಲಿ ಆ ತೂತು ಎಲ್ಲಿ ಎಂದು ಮಾತ್ರ ಯಾರಿಗೂ ಕಾಣಲಿಲ್ಲ.

ರಜೆ ಹತ್ತಿರ ಬಂತು. ಒಂದು ಭಾನುವಾರ ಪರೀಕ್ಷೆ ಎಂದು ಹೇಳಿದೆ. ಅಕ್ಕಿ ತೂಗುವುದರಿಂದ ಹಿಡಿದು ಕೊನೆಯ ದೋಸೆಯವರೆಗೆ ಎಲ್ಲ ಅವಳೇ ಮಾಡಬೇಕು, ಬಡಿಸುವುದು ಮಾತ್ರ ಅಜ್ಜಿ. ಲೆಕ್ಕ ಸರಿ ಬಂದರೆ ಆಲೆಟ್ಟಿ, ಬರದಿದ್ದರೆ ಮುಂದಿನ ವರ್ಷ ನೋಡುವ. ಅವಳು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಒಂದೊಂದು ದೋಸೆ ಹೊಯ್ದ ಹಾಗೆ ಒಂದೊಂದು ಹುಣಸೆಬೀಜ ಒಲೆಯ ಪಕ್ಕದ ಕಲ್ಲಿನ ಮೇಲೆ ಇಡುತ್ತಾ ಹೋದಳು. ಹಿಟ್ಟು ಮುಗಿದಾಗ ಹದಿನಾರು ಬೀಜ, ಮುಚ್ಚಿಟ್ಟ ಡಬ್ಬದಲ್ಲಿ ಹದಿನಾರು ದೋಸೆ. ಎಲ್ಲವೂ ಒಂದೇ ಅಗಲ. ಅಮ್ಮ ಕೂಡ ಎರಡನ್ನು ಒಂದರ ಮೇಲೊಂದು ಇಟ್ಟು ನೋಡಿದರು.

ತಿಂಡಿ ಆಯಿತು. ಡಬ್ಬ ಖಾಲಿ. ಮಗಳು ಕೈ ತೊಳೆದು ಬಂದು ಬೀಜಗಳನ್ನು ಅಂಗೈಯಲ್ಲಿ ತುಂಬಿಕೊಂಡು ನಮ್ಮ ಎದುರು ಕುಳಿತಳು.

"ಅಪ್ಪ ಎಷ್ಟು ತಿಂದ್ರಿ?"

"ಮೂರು."

ನನ್ನ ಎದುರಿಗೆ ಮೂರು ಬೀಜ ಇಟ್ಟಳು. "ಅಮ್ಮ?"

"ಮೂರು," ಎಂದಳು ಊರಿನವರ ಬಟ್ಟೆಯ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವ ನನ್ನ ಹೆಂಡತಿ.

"ಅಜ್ಜಿ?"

"ಮೂರು ಮಗಾ."

"ನಾನು ಮೂರು," ಎಂದು ತನ್ನ ಎದುರಿಗೂ ಇಟ್ಟುಕೊಂಡಳು. ಅಂಗೈ ಬಿಚ್ಚಿದಳು. ನಾಲ್ಕು ಬೀಜ ಉಳಿದಿದ್ದವು.

"ಎಣಿಸುವಾಗ ತಪ್ಪಿದ್ದೀಯ," ಎಂದೆ.

"ತಪ್ಪಲಿಲ್ಲ. ಹದಿನಾರು ಹೊಯ್ದದ್ದು."

"ಹಾಗಾದ್ರೆ ನಾಲ್ಕು ಎಲ್ಲಿಗೆ ಹೋಯ್ತು? ಕಾಗೆ ಕೊಂಡೋಯ್ತಾ?"

ಆಲೆಟ್ಟಿ ಕೈತಪ್ಪಿತು ಎಂದು ಅವಳಿಗೆ ಗೊತ್ತಾಗಿತ್ತು. ಆದರೂ ಬೀಜ ಹಿಡಿದ ಕೈ ಕೆಳಗಿಳಿಸಲಿಲ್ಲ. ಆಗ ನನ್ನ ಅಮ್ಮ ಕುಳಿತಲ್ಲಿಂದಲೇ ಮುಂದೆ ಬಾಗಿ, ಆ ನಾಲ್ಕು ಬೀಜಗಳನ್ನು ತೆಗೆದು, ಒಬ್ಬೊಬ್ಬರ ಎದುರಿಗೆ ಒಂದೊಂದು ಇಟ್ಟರು.

"ಇದು ಶಾಸ್ತ್ರದ್ದು," ಎಂದರು. "ಇದು ಲೆಕ್ಕಕ್ಕಲ್ಲ ಮಗಾ."

ನಾನು ನನ್ನ ಎದುರಿನ ನಾಲ್ಕು ಬೀಜ ನೋಡಿದೆ. ನಮ್ಮ ಮನೆಯಲ್ಲಿ ಮೂರು ಬಡಿಸುವುದಿಲ್ಲ. ಯಾವ ಕಾಲದಿಂದಲೂ ಇಲ್ಲ. ಮೂರು ಇಡುವುದು ತಿಥಿಯ ದಿನ, ಸತ್ತವರಿಗೆ. ಯಾರಾದರೂ ಮೂರನೆಯದು ಕೇಳಿದರೆ ಅಮ್ಮ ಅದರ ಜೊತೆ ಇನ್ನೊಂದನ್ನು ಹಾಕುತ್ತಾರೆ, ನಾವು ಅದನ್ನೂ ತಿನ್ನುತ್ತೇವೆ, ಎಷ್ಟು ತಿಂದಿರಿ ಎಂದರೆ ಮೂರು ಎನ್ನುತ್ತೇವೆ. ನಾನು ನಲವತ್ತು ವರ್ಷದಿಂದ ನಾಲ್ಕು ತಿಂದು ಮೂರು ಎನ್ನುತ್ತಾ ಬಂದವನು. ಹೊರಗಿನಿಂದ ಬಂದ ಹೆಂಡತಿಯೂ ಹಾಗೆಯೇ. ಅವಳ ತವರಿನಲ್ಲೂ ಅದೇ ಶಾಸ್ತ್ರ. ಸುಳ್ಳು ಎಂದು ಯಾರಿಗೂ ಅನಿಸಿಲ್ಲ. ಮಗಳೂ ಅದನ್ನು ನೋಡಿಯೇ ಬೆಳೆದದ್ದು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನಮ್ಮದು.

"ದಿನಾ ಅವಳಿಗೂ ಹಾಕಿದ್ದಾ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಮತ್ತೆ?" ಎಂದರು ಅಮ್ಮ. "ಮೂರು ಹಾಕುದಾ? ಅವಳಿಗಾ? ಉಳಿದವರಿಗೆ ಹಾಕಿದ್ರೂ ಹಾಕಿಯೇನು. ಕಾಯಿಲೆಯ ಮಗುವಿನ ತಟ್ಟೆಗೆ ನನ್ನ ಕೈಯಿಂದ ಮೂರು ಬೀಳ್ಲಿಕ್ಕಿಲ್ಲ."

ನನಗೆ ಕೋಪ ಬಂದಿತ್ತು ನಿಜ. ಬೈದೆ ಕೂಡ, ಯಂತ್ರ, ಇನ್ಸುಲಿನ್, ಟೀಚರು, ಎಲ್ಲವನ್ನೂ ಒಟ್ಟಿಗೆ ಹೇಳಿ ಬೈದೆ. ಅಮ್ಮ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಒಳಗೆ ಒಯ್ದರು. ತಟ್ಟೆಗಳು ಸದ್ದು ಮಾಡಿದವು. ಪ್ರತಿದಿನ ಬೆಳಿಗ್ಗೆ ಆ ಮಗುವಿನ ಆಯುಷ್ಯಕ್ಕೆಂದು ತಾನು ಹಾಕಿದ್ದೇ ಅದರ ಶುಗರ್ ಏರಿಸಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ನನ್ನ ಬೈಗುಳ ಬೇಕಿರಲಿಲ್ಲ. ಈಗ ಇದನ್ನು ಬರೆಯುವಾಗಲೂ ಆ ತಟ್ಟೆಯ ಸದ್ದು ನನಗೆ ಹಿತವಾಗುವುದಿಲ್ಲ.

"ನಾಲ್ಕೇ ತಿನ್ಲಿ, ನಾಲ್ಕಕ್ಕೆ ಇಂಜೆಕ್ಷನ್ ಹಾಕುವ," ಎಂದಳು ಹೆಂಡತಿ. ನ್ಯಾಯವಾದ ಮಾತು.

"ನನಗೆ ಹೊಟ್ಟೆಗೆ ಮೂರೇ ಸಾಕು," ಎಂದಳು ಮಗಳು. "ನಾಲ್ಕನೆಯದು ಅಜ್ಜಿಗೆ ಬೇಕಾಗಿ ತಿನ್ನುದು."

ಮರುದಿನ ಅಮ್ಮ ಒಲೆಯ ಹತ್ತಿರ ಬರಲಿಲ್ಲ. ಜಗಲಿಯಲ್ಲಿ ಕುಳಿತು, ನೀವೇ ಬಡಿಸಿಕೊಳ್ಳಿ ಎಂದರು. ನಾನು ಹೊಯ್ದೆ, ನಾನೇ ಬಡಿಸಿದೆ. ಮಗಳು ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗಿ ಅಜ್ಜಿಯ ಎದುರು ಕುಳಿತಳು. ತಟ್ಟೆಯಲ್ಲಿ ಮೂರು. ಅಮ್ಮ ಮುಖ ತಿರುಗಿಸಿ ಅಂಗಳ ನೋಡಿದರು. ಮಗಳು ತಿನ್ನಲಿಲ್ಲ. ಇಂಜೆಕ್ಷನ್ ಆಗಿತ್ತು, ಹೊತ್ತು ಹೋದರೆ ಶುಗರ್ ಇಳಿಯುತ್ತದೆ. ನಾನು ಬಾಗಿಲಲ್ಲಿ ನಿಂತು, "ತಿನ್ನು," ಎಂದೆ. ಅವಳು ನನ್ನನ್ನು ನೋಡಲಿಲ್ಲ. ಮೇಲಿನ ದೋಸೆಯನ್ನು ಎರಡೂ ಕೈಯಲ್ಲಿ ತೆಗೆದು, ಮಡಚಿ, ಮಡಿಕೆಯ ಗೆರೆಯಲ್ಲಿ ನಿಧಾನವಾಗಿ ಹರಿದು ಎರಡು ಮಾಡಿ, ಬೇರೆ ಬೇರೆಯಾಗಿ ತಟ್ಟೆಯಲ್ಲಿ ಹರಡಿದಳು.

"ಅಜ್ಜಿ, ಎಣಿಸಿ."

ಅಮ್ಮ ತಿರುಗಿದರು. ಬೆರಳು ತೋರಿಸಿ ಎಣಿಸಿದರು. ತಟ್ಟೆಯಲ್ಲಿ ನಾಲ್ಕು.

"ನಾಲ್ಕು ಉಂಟಲ್ಲ?"

"ಉಂಟು," ಎಂದರು ಅಮ್ಮ.

"ತಿನ್ನುವಾಗ ಮೂರು," ಎಂದು ಮಗಳು ಬಾಯಿಗೆ ಹಾಕಿಕೊಂಡಳು.

ಆ ದಿನ ಮಧ್ಯಾಹ್ನದ ಶುಗರ್ ಸರಿ ಬಂತು. ಅದರ ಮರುದಿನವೂ ಬಂತು. ಅಮ್ಮ ಒಲೆಗೆ ವಾಪಸಾದರು. ಮೊದಮೊದಲು ಬಡಿಸುವಾಗ ಮೂರನೆಯದರ ಹತ್ತಿರ ಅವರ ಕೈ ಅಭ್ಯಾಸದಿಂದ ಡಬ್ಬಕ್ಕೆ ಇನ್ನೊಮ್ಮೆ ಹೋಗುತ್ತಿತ್ತು, ಅಲ್ಲಿಂದ ಬರಿದಾಗಿಯೇ ಬರುತ್ತಿತ್ತು. ಆಮೇಲೆ ಹರಿಯುವ ಕೆಲಸವನ್ನು ಅವರೇ ವಹಿಸಿಕೊಂಡರು. ನೆಟ್ಟಗೆ ಹರಿಯುತ್ತಿರಲಿಲ್ಲ, ಆದರೆ ಹೇಗೆ ಹರಿದರೂ ಒಟ್ಟು ಒಂದೇ ಎಂದು ಮಗಳು ಅವರಿಗೆ ವಿವರಿಸುತ್ತಿದ್ದಳು. ತೂಗಿಯೂ ತೋರಿಸಿದಳು.

ರಜೆ ಶುರುವಾದ ಮೇಲೆ ನಾನೇ ಸುಳ್ಯದವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳ ಮಾವ ಜೀಪು ತಂದಿದ್ದ. ಇಂಜೆಕ್ಷನ್, ಯಂತ್ರ, ಗ್ಲುಕೋಸ್, ತಕ್ಕಡಿ, ಎಲ್ಲ ಒಂದು ಚೀಲದಲ್ಲಿ. ಗೆರೆ ಹಾಕಿದ ಸೌಟನ್ನೂ ತೆಗೆದುಕೊಂಡಿದ್ದಳು. ನಾನು ಮಾವನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುವಾಗ ಅವಳು, "ಅಪ್ಪಾ, ಬಸ್ಸು ಹೊರಡ್ತದೆ," ಎಂದಳು. ಕಡಬದ ಬಸ್ಸು ಹೊರಡಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮರುದಿನ ನಾನು ಅಂಗಡಿಯಲ್ಲಿ ಒಂದು ಮೋಟಾರು ಬಿಚ್ಚಿ ಮತ್ತೆ ಜೋಡಿಸಿದೆ, ಜೋಡಿಸಿದ ಮೇಲೆ ಒಂದು ವಾಷರು ಹೊರಗೆ ಉಳಿದಿತ್ತು. ಊಟದ ಹೊತ್ತಿಗೆ ಫೋನು ಬಂತು. ಮೊದಲು ಮಾತಾಡಿದ್ದು ಮಗಳ ಅತ್ತೆ.

"ಭಾವ, ಇದು ಎಂತ ಹೊಸ ಶಾಸ್ತ್ರ ನಿಮ್ಮಲ್ಲಿ? ನಾನು ನಾಲ್ಕನೆಯದು ಹಾಕ್ಲಿಕ್ಕೆ ಹೋದ್ರೆ ಕೈ ಅಡ್ಡ ಹಿಡಿದು, ಮೂರನೆಯದನ್ನು ಹರಿದು ಲೆಕ್ಕ ತೋರಿಸ್ತಾಳೆ. ಈಗ ನಮ್ಮ ಎರಡು ಮಕ್ಕಳೂ ಹರಿದೇ ತಿನ್ನುದು!"

ಆಮೇಲೆ ಮಗಳು ಫೋನು ಕಿತ್ತುಕೊಂಡು ಶುಗರ್ ಎಷ್ಟು ಎಂದು ಹೇಳಿದಳು. ಸರಿ ಇತ್ತು. ನಾನು ಇನ್ನೇನೋ ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು. ಹಿಂದೆ ಮಕ್ಕಳು ಕರೆಯುವುದು ಕೇಳುತ್ತಿತ್ತು. ನನಗೆ ಸಂತೋಷವಾಯಿತು, ಜೊತೆಗೆ, ಇನ್ನು ಈ ಹುಡುಗಿಗೆ ನನ್ನ ಅಗತ್ಯ ಅಷ್ಟು ಇಲ್ಲ ಎಂದೂ ಅನಿಸಿತು. ಮೋಟಾರನ್ನು ಮತ್ತೆ ಬಿಚ್ಚಿ ವಾಷರು ಹಾಕಿದೆ.

ಆ ವಾರದ ಭಾನುವಾರ ಬೆಳಿಗ್ಗೆ ಮನೆಯಲ್ಲಿ ನಾವು ಮೂವರೇ ತಿಂಡಿಗೆ ಕುಳಿತೆವು. ಅಮ್ಮ ನನಗೆ ಎರಡು ದೋಸೆ ಹಾಕಿದರು. ಇನ್ನೊಂದು ಹಾಕಿ ಎಂದೆ. ಮೂರನೆಯದನ್ನು ತೆಗೆದು, ಅಡ್ಡಾದಿಡ್ಡಿಯಾಗಿ ಎರಡು ಹರಿದು, ನನ್ನ ತಟ್ಟೆಗೆ ಹಾಕಿದರು. ಹೆಂಡತಿಯ ತಟ್ಟೆಗೂ ಹಾಗೆಯೇ. ಆಮೇಲೆ ತಮ್ಮದಕ್ಕೂ.

"ನಮಗೆ ಎಂತಕ್ಕೆ ಅಮ್ಮ?" ಎಂದೆ. "ನಮಗೆ ಶುಗರ್ ಇಲ್ಲವಲ್ಲ. ಡಬ್ಬದಲ್ಲಿ ಬೇಕಾದಷ್ಟು ಉಂಟು."

ಅಮ್ಮ ಚಟ್ನಿ ಬಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಅವಳು ಬಂದ ಮೇಲೆ ಅವಳೊಬ್ಬಳ ತಟ್ಟೆಯಲ್ಲಿ ಮಾತ್ರ ಹರಿದದ್ದು ಇರುದು ಬೇಡ," ಎಂದರು. "ಈಗಿಂದಲೇ ರೂಢಿ ಮಾಡಿಕೊಳ್ಳಿ."

ನಾವು ಹರಿದದ್ದನ್ನೇ ಮೊದಲು ತಿಂದೆವು.